ಚಳಿಗಾಲದ ಹಕ್ಕಿ ನಿಮ್ಮ ಹಿತ್ತಲಲ್ಲೇ ಇದೆ

ಕೇಳುಗರೆಲ್ಲರಿಗೂ ನಮಸ್ಕಾರ.

ಚಳಿ ಶುರುವಾದರೆ ನನಗೆ ಬರುವ ಫೋನುಗಳಲ್ಲಿ ಎರಡೇ ಪ್ರಶ್ನೆ. ಯಾವ ಕ್ಯಾಮೆರಾ ತಗೊಳ್ಳಲಿ? ಯಾವ ಪಕ್ಷಿಧಾಮಕ್ಕೆ ಹೋಗಲಿ? ಎರಡಕ್ಕೂ ನನ್ನದು ಒಂದೇ ಉತ್ತರ: ಮೊದಲು ಹಿತ್ತಲ ಬಾಗಿಲು ತೆಗೆಯಿರಿ. ಒಂದೇ ಜಾಗ, ಒಂದೇ ಹೊತ್ತು, ದಿನಾ ಹತ್ತು ನಿಮಿಷ. ಉಳಿದದ್ದೆಲ್ಲ ಮರೆತರೂ ಇಷ್ಟು ನೆನಪಿಡಿ.

ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. 2024ರಲ್ಲಿ ಆ ಕೆರೆಗೆ ರಾಮ್ಸಾರ್ ಮಾನ್ಯತೆಯೂ, ಅಂದರೆ ಜಾಗತಿಕ ಮಹತ್ವದ ಜೌಗುತಾಣ ಅನ್ನುವ ಮನ್ನಣೆಯೂ ಸಿಕ್ಕಿತು. ನೋಡಬೇಕಾದ್ದೇ, ಇಲ್ಲ ಅನ್ನುವುದಿಲ್ಲ. ಆದರೆ ಹಿಮಾಲಯದಿಂದ ಬಂದ ಇನ್ನೊಂದು ಹಕ್ಕಿ ನಿಮ್ಮ ಬಚ್ಚಲ ನೀರು ಹರಿಯುವಲ್ಲೇ ಓಡಾಡುತ್ತಿರಬಹುದಲ್ಲ, ಅದನ್ನು ಯಾರು ನೋಡಬೇಕು?

ಸಾಗರದ ಕಡೆ ನನ್ನ ಅತ್ತಿಗೆಯ ಮನೆ. ಗಣೇಶನ ಹಬ್ಬದ ಆಸುಪಾಸು ಅವರ ತೋಟದ ಕಪ್ಪಿನಲ್ಲಿ, ಅಂದರೆ ನೀರು ಬಸಿಯುವ ಕಾಲುವೆಯಲ್ಲಿ, ಒಂದು ಬೂದು ಸಿಪಿಲೆ ಕಾಣಿಸಿಕೊಳ್ಳುತ್ತದೆ. ಕುಂಡೆಕುಸ್ಕ ಅಂದರೆ ನಿಮಗೆ ಗೊತ್ತಾದೀತು. ಬೆನ್ನು ಬೂದು, ಹೊಟ್ಟೆಯ ಹಿಂಭಾಗ ಹಳದಿ, ನಿಂತಲ್ಲೂ ಬಾಲ ಆಡುತ್ತಲೇ ಇರುತ್ತದೆ. ತೂಕ 20 ಗ್ರಾಂ ಕೂಡ ಇಲ್ಲ. ಅತ್ತಿಗೆ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಆ ದಿನದ ಚೌಕದೊಳಗೆ "ಬಂತು" ಅಂತ ಬರೆಯುತ್ತಾರೆ. ಮಾರ್ಚ್ ಕಳೆದ ಮೇಲೆ ಒಂದು ದಿನ "ಕಾಣಲಿಲ್ಲ". ಹಳೆಯ ಕ್ಯಾಲೆಂಡರುಗಳೆಲ್ಲ ಅದೇ ಮೊಳೆಗೆ ನೇತಾಡುತ್ತಿವೆ.

ಒಮ್ಮೆ ಅವರ ಮನೆಗೆ ಬೆಂಗಳೂರಿನಿಂದ ನೆಂಟರೊಬ್ಬರು ಬಂದರು. ಮೊಳಕೈ ಉದ್ದದ ಲೆನ್ಸು, ಕಾಡುಬಣ್ಣದ ಟೋಪಿ, ಎಲ್ಲ ಇತ್ತು. "ಇಲ್ಲಿ ಏನಾದರೂ ಅಪರೂಪದ್ದು ಸಿಗುತ್ತಾ ಅಕ್ಕಾ?" ಅಂತ ಕೇಳುತ್ತಾ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದಾರೆ. ಅಂಗಳದಲ್ಲಿ ಟಕ್, ಟಕ್, ಟಕ್. ನೋಡಿದರೆ ಸಿಪಿಲೆ ಅವರ ಕಾರಿನ ಕನ್ನಡಿಗೆ ಹಾರಿ ಹಾರಿ ಕುಕ್ಕುತ್ತಿದೆ! ಚಳಿಗಾಲದಲ್ಲಿ ಈ ಹಕ್ಕಿ ತಾನು ಮೇಯುವ ಜಾಗಕ್ಕೆ ತನ್ನದೇ ಜಾತಿಯ ಇನ್ನೊಂದನ್ನು ಬಿಟ್ಟುಕೊಳ್ಳುವುದಿಲ್ಲ. ಕನ್ನಡಿಯೊಳಗಿನದು ಬೇರೆ ಹಕ್ಕಿ ಅಂತ ಅದರ ಲೆಕ್ಕ. ನೆಂಟರಿಗೆ ಕನ್ನಡಿಯ ಚಿಂತೆ, ಓಡಿಸಲು ಹೋದರು. ಅತ್ತಿಗೆ ಟವೆಲ್ ತಂದು ಕನ್ನಡಿಗೆ ಹೊದಿಸಿ, "ಅದರ ಜಾಗ ಮಾರಾಯ್ರೇ, ನಿಮ್ಮ ಕಾರು ಆಚೆ ನಿಲ್ಲಿಸಿ" ಅಂದರು. ಹಿಮಾಲಯದ ತೊರೆಗಳಲ್ಲಿ ಗೂಡು ಕಟ್ಟುವ ಹಕ್ಕಿ ಅದು ಅಂತ ನಾನು ಹೇಳಿದ ಮೇಲೆಯೇ ಆ ಮಹಾಶಯರು ಲೆನ್ಸಿನ ಮುಚ್ಚಳ ತೆಗೆದದ್ದು. ಅಷ್ಟರಲ್ಲಿ ಹಕ್ಕಿ ತೋಟಕ್ಕೆ ಇಳಿದಾಗಿತ್ತು.

ಅತ್ತಿಗೆಯ ಹತ್ತಿರ ದುರ್ಬೀನು ಇಲ್ಲ. ಒಂದೇ ಜಾಗ, ಒಂದೇ ಹೊತ್ತು, ಅಷ್ಟೇ.

ಗಾಜಿನಾಚೆ ಕೈ ತೋರಿಸುತ್ತಿದ್ದಾರೆ, ಸಮಯ ಆಯಿತಂತೆ. ಬೇಗ ಹೇಳಿಬಿಡುತ್ತೇನೆ. ಊರಲ್ಲಿರುವವರು ಬೇಲಿ, ತಂತಿ ನೋಡಿ. ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿದಂತಿರುವ ಕಂದು ಕಳಿಂಗ ಹಕ್ಕಿ ಸೈಬೀರಿಯಾ, ಮಂಗೋಲಿಯಾ ಕಡೆಯದು. ಪೊದೆಯೊಳಗಿನಿಂದ "ಚಕ್, ಚಕ್" ಕೇಳಿದರೆ ಅದು ಉಲಿಯಕ್ಕಿ ಅನ್ನುವ ಪುಟ್ಟ ಹಕ್ಕಿ ಇರಬಹುದು; ಕೈ ಹಾಕಿ ಅಲುಗಾಡಿಸಬೇಡಿ, ಕಾಯಿರಿ. ಮುಸ್ಸಂಜೆ ಹಳೆ ಮರದ ಪೊಟರೆಯಲ್ಲಿ ಹಾಲಕ್ಕಿ ಅನ್ನುವ ಪುಟ್ಟ ಗೂಬೆ ಕಂಡೀತು.

ಫೆಬ್ರವರಿ ನಡುವಿನಲ್ಲಿ ನಾಲ್ಕು ದಿನ ಲೋಕದ ಜನರೆಲ್ಲ ಸೇರಿ ಹಿತ್ತಲ ಹಕ್ಕಿ ಎಣಿಸುತ್ತಾರೆ. ಕನಿಷ್ಠ 15 ನಿಮಿಷ ನಿಂತು ಕಂಡದ್ದನ್ನು ಇ-ಬರ್ಡ್ ಅನ್ನುವ ಹಕ್ಕಿ ಲೆಕ್ಕದ ಜಾಲತಾಣದಲ್ಲಿ ದಾಖಲಿಸಿದರಾಯಿತು. ಎಷ್ಟೋ ಜನ ನವಿಲು ಬರೆದು ಕಾಗೆ ಬಿಡುತ್ತಾರೆ. ದಯವಿಟ್ಟು ಕಾಗೆಯನ್ನೂ ಬರೆಯಿರಿ. ನಮಸ್ಕಾರ.