ಹಿಲ್ ಸ್ಟೇಷನ್ನಿನ ಕಂಬದ ಮನೆಗಳು

ನಮಸ್ಕಾರ.

ಮೂವತ್ತೊಂದು ವರ್ಷ ನಾನು ಮಾಡಿದ ಕೆಲಸ ಒಂದೇ. ಮಂಗಳೂರಿನಲ್ಲಿ ಮನೆಮನೆಗೆ ಹೋಗಿ ನೀರಿನ ಟಾಂಕಿಯ ಮುಚ್ಚಳ ತೆಗೆದು, ಒಳಗೆ ಟಾರ್ಚ್ ಬಿಟ್ಟು ನೋಡುವುದು. ಬಾವಿ, ಟೆರೇಸು, ಹೂವಿನ ಕುಂಡದ ತಟ್ಟೆ, ಕಟ್ಟುತ್ತಿರುವ ಕಟ್ಟಡದ ಸ್ಲ್ಯಾಬಿನ ಮೇಲೆ ಕ್ಯೂರಿಂಗಿಗೆಂದು ನಿಲ್ಲಿಸಿದ ನೀರು, ಎಲ್ಲೆಲ್ಲಿ ನೀರು ನಿಂತಿದೆಯೋ ಅಲ್ಲೆಲ್ಲ ಬಗ್ಗಿ, ಸೊಳ್ಳೆಯ ಮರಿ ಇದೆಯೇ ಇಲ್ಲವೇ ಎಂದು ನೋಡಿ ಪುಸ್ತಕದಲ್ಲಿ ಬರೆದುಕೊಳ್ಳುವುದು. ಮಲೇರಿಯಾ ವಿಭಾಗದ ಆರೋಗ್ಯ ಸಹಾಯಕ ನಾನು. ನಿವೃತ್ತಿಯಾದ ಮೇಲೆ ಮಗ ಫೋನು ಮಾಡಿ, "ಅಪ್ಪಾ, ಅಮ್ಮನನ್ನು ಕರೆದುಕೊಂಡು ಒಂದು ತಿಂಗಳು ಇಲ್ಲಿಗೆ ಬನ್ನಿ" ಎಂದ. ಅವನು ಇರುವುದು ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್ ದೇಶದ ರಾಜಧಾನಿ ಫ್ರೀಟೌನಿನಲ್ಲಿ. ಬಾಡಿಗೆ ಮನೆ ಊರಿನ ಮೇಲಿನ ಗುಡ್ಡದಲ್ಲಿ. ಆ ಬಡಾವಣೆಯ ಹೆಸರು ಹಿಲ್ ಸ್ಟೇಷನ್.

ಹೆಸರು ಕೇಳಿದಾಗ ನನಗೆ ಊಟಿ ನೆನಪಾಯಿತು. ಅದು ತಪ್ಪು ನೆನಪಲ್ಲ ಎಂದು ಅಲ್ಲಿಗೆ ಹೋದ ಮೇಲೆ ತಿಳಿಯಿತು. ಬ್ರಿಟಿಷರು ನಮ್ಮ ದೇಶದಲ್ಲಿ ಮಾಡಿಕೊಂಡ ಏರ್ಪಾಡನ್ನೇ, ಹೆಸರಿನ ಸಮೇತ, ಅಲ್ಲಿಗೂ ಕೊಂಡುಹೋಗಿದ್ದರು.

ಹಳದಿ ಜ್ವರದ ಚುಚ್ಚುಮದ್ದು ಹಾಕಿಸಿ, ಹಳದಿ ಕಾರ್ಡು ಹಿಡಿದು, ಸೆಪ್ಟೆಂಬರ್ ಕೊನೆಗೆ ಹೋಗಿ ಇಳಿದೆವು. ವಿಮಾನ ನಿಲ್ದಾಣ ಇರುವುದು ಲುಂಗಿ ಎಂಬಲ್ಲಿ, ಅಗಲವಾದ ಅಳಿವೆಯ ಆಚೆ ದಡದಲ್ಲಿ. ಅಲ್ಲಿಂದ ದೋಣಿ ಹತ್ತಿ ಊರಿಗೆ ಬರಬೇಕು. ಕತ್ತಲಲ್ಲಿ ಎದುರಿಗೆ ಗುಡ್ಡದ ತುಂಬ ದೀಪಗಳು. ಕಡಲಿಗೆ ಇಷ್ಟು ಹತ್ತಿರ ಇಷ್ಟು ಎತ್ತರದ ಗುಡ್ಡಗಳನ್ನು ನಾನು ನೋಡಿರಲಿಲ್ಲ. ನಮ್ಮಲ್ಲಿ ಕಡಲಿಗೂ ಘಟ್ಟಕ್ಕೂ ನಡುವೆ ಒಂದಿಷ್ಟು ಬಯಲಾದರೂ ಇದೆ. ಅಲ್ಲಿ ಗುಡ್ಡವೇ ನೀರಿಗೆ ಕಾಲಿಳಿಬಿಟ್ಟು ಕೂತ ಹಾಗಿದೆ. 1462ರಲ್ಲಿ ಪೋರ್ಚುಗೀಸ್ ನಾವಿಕ ಪೆದ್ರೊ ದ ಸಿಂತ್ರ ಹಡಗಿನಿಂದ ಈ ಗುಡ್ಡಗಳನ್ನು ಕಂಡು ಸಿಂಹದ ಬೆಟ್ಟ ಎಂಬ ಅರ್ಥದ ಹೆಸರಿಟ್ಟನಂತೆ. ಅದೇ ಮುಂದೆ ದೇಶದ ಹೆಸರಾಯಿತು.

ಮಳೆಯ ವಿಷಯದಲ್ಲಿ ನಾವೂ ಅವರೂ ನೆಂಟರು. ಮೇ ತಿಂಗಳಿಗೆ ಶುರುವಾಗಿ, ಜುಲೈ ಆಗಸ್ಟಿನಲ್ಲಿ ಹಗಲು ರಾತ್ರಿ ಸುರಿದು, ನವೆಂಬರಿಗೆ ನಿಲ್ಲುವ ಮಳೆ. ತಗಡಿನ ಮಾಡಿನ ಮೇಲೆ ಬೀಳುವ ಸದ್ದಿಗೆ ನನ್ನ ಹೆಂಡತಿ ಮೊದಲ ರಾತ್ರಿಯೇ "ಇದು ನಮ್ಮೂರೇ" ಎಂದು ನಿದ್ದೆ ಹೋದಳು. ರಸ್ತೆಯಲ್ಲಿ ಓಡುವ ಮೂರು ಗಾಲಿಯ ಆಟೋಕ್ಕೆ ಅಲ್ಲಿ ಕೆಕೆ ಎನ್ನುತ್ತಾರೆ. ಬಾಡಿಗೆಗೆ ಓಡುವ ಬೈಕಿಗೆ ಒಕಾಡ. ಅವುಗಳ ಮೇಲೆ ಬಜಾಜ್, ಟಿವಿಎಸ್ ಎಂಬ ಹೆಸರು ಓದಿದಾಗ ಪರವೂರಿನಲ್ಲಿ ಪರಿಚಯದವರು ಸಿಕ್ಕಿದ ಹಾಗಾಯಿತು. ಮಾತನಾಡುವುದು ಕ್ರಿಯೋ ಭಾಷೆ. ಬೆಳಗ್ಗೆ ಎದುರಾದವರು "ಕುಶೆ, ಹೌ ದಿ ಬಾಡಿ?" ಎಂದು ಕೇಳುತ್ತಾರೆ. ಮೈ ಹೇಗಿದೆ ಎಂದು. ಜೀವಮಾನವಿಡೀ ಊರಿನವರ ಮೈ ಹೇಗಿದೆ ಎಂದು ಕೇಳಿಕೊಂಡು ತಿರುಗಿದವನಿಗೆ ಇದಕ್ಕಿಂತ ಒಳ್ಳೆಯ ನಮಸ್ಕಾರ ಯಾವುದು?

ಊಟಕ್ಕೆ ಪ್ಲಾಸಾಸ್. ಸೊಪ್ಪನ್ನು ಅರೆದು, ಕೆಂಪು ತಾಳೆ ಎಣ್ಣೆ ಹಾಕಿ ಕುದಿಸಿ, ಅನ್ನದ ಮೇಲೆ ಸುರಿಯುವ ಪದಾರ್ಥ. ಮರಗೆಣಸಿನ ಸೊಪ್ಪಿನದ್ದೇ ಹೆಚ್ಚು. ನಾವು ಗೆಣಸು ಬೇಯಿಸಿ ತಿಂದು ಸೊಪ್ಪನ್ನು ಗೊಬ್ಬರದ ಗುಂಡಿಗೆ ಎಸೆಯುವವರು. ಕೆಸುವಿನ ಎಲೆಯಲ್ಲಿ ಪತ್ರೊಡೆ ಮಾಡುವ ನಮ್ಮ ಮನೆಯಲ್ಲಿ ಮರಗೆಣಸಿನ ಎಲೆ ಒಮ್ಮೆಯೂ ಒಲೆ ಹತ್ತಲಿಲ್ಲವಲ್ಲ ಎಂದು ನನ್ನಾಕೆ ಬೇಸರ ಮಾಡಿಕೊಂಡಳು.

ಇನ್ನು ಆ ಬಡಾವಣೆಯ ಕಥೆಗೆ ಬರುತ್ತೇನೆ. ಅದು ಶುರುವಾಗುವುದು ನಮ್ಮ ಬೆಂಗಳೂರಿನಲ್ಲಿ.

1883ರಲ್ಲಿ ರೊನಾಲ್ಡ್ ರಾಸ್ ಎಂಬ ಯುವ ಸೇನಾ ವೈದ್ಯರು ಬೆಂಗಳೂರಿನ ದಂಡು ಪ್ರದೇಶದಲ್ಲಿ ಇದ್ದರು. ಹುಟ್ಟಿದ್ದು ಅಲ್ಮೋರದಲ್ಲಿ. ಬಂಗಲೆಯ ತಮ್ಮ ಕೋಣೆಯಲ್ಲಿ ಸೊಳ್ಳೆ ಹೆಚ್ಚು ಏಕೆ ಎಂದು ಹುಡುಕುತ್ತಾ ಹೋದಾಗ ಕಿಟಕಿಯ ಹೊರಗೆ ಒಂದು ನೀರಿನ ತೊಟ್ಟಿ ಕಂಡಿತು, ಒಳಗೆ ಹುಳಗಳು ಕುಣಿಯುತ್ತಿದ್ದವು. ತೊಟ್ಟಿ ಬೋರಲು ಹಾಕಿಸಿದರು, ಸೊಳ್ಳೆ ಇಳಿಯಿತು. ಮೆಸ್ಸಿನ ಉಳಿದ ತೊಟ್ಟಿಗಳನ್ನೂ ಹೀಗೆ ಖಾಲಿ ಮಾಡಿಸೋಣ ಎಂದರೆ ಅಲ್ಲಿನ ಅಧಿಕಾರಿ ಒಪ್ಪಲಿಲ್ಲ. ತರಬೇತಿಯಲ್ಲಿ ಈ ಕಥೆ ಕೇಳಿದ ದಿನದಿಂದ ನಾನು ರಾಸ್ ಅವರನ್ನು ನಮ್ಮ ಇಲಾಖೆಯ ಹಿರಿಯರೆಂದೇ ಎಣಿಸಿಕೊಂಡಿದ್ದೇನೆ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಅವರು ಸೊಳ್ಳೆಯ ಹೊಟ್ಟೆ ಸೀಳಿ, ಅದರೊಳಗೆ ಮಲೇರಿಯಾದ ಪರೋಪಜೀವಿ ಬೆಳೆಯುವುದನ್ನು ಕಂಡರು. ಅದು ಎಲ್ಲರಿಗೂ ಗೊತ್ತಿರುವ ವಿಷಯ. 1902ರಲ್ಲಿ ನೊಬೆಲ್ ಪ್ರಶಸ್ತಿಯೂ ಬಂತು. ಆದರೆ ನಡುವೆ 1899ರಲ್ಲಿ, ಲಿವರ್‌ಪೂಲಿನ ಉಷ್ಣವಲಯದ ಕಾಯಿಲೆಗಳ ಶಾಲೆಯಿಂದ ಅವರು ಒಂದು ತಂಡ ಕಟ್ಟಿಕೊಂಡು ಹೋದದ್ದು ಫ್ರೀಟೌನಿಗೆ.

ಆ ಊರಿಗೆ ಆಗ ಬಿಳಿಯರ ಗೋರಿ ಎಂಬ ಅಡ್ಡಹೆಸರು. ರಾಸ್ ಮತ್ತು ಸಂಗಡಿಗರು ಬೀದಿಬೀದಿ ಸುತ್ತಿ, ಅಲ್ಲಿ ಮಲೇರಿಯಾ ಹರಡುವುದು ಅನಾಫಿಲಿಸ್ ಸೊಳ್ಳೆಯೇ ಎಂದೂ, ಅದು ಮೊಟ್ಟೆಯಿಡುವುದು ರಸ್ತೆಯ ಹೊಂಡ, ಚರಂಡಿಯ ಪಕ್ಕದ ಕೊಚ್ಚೆಯಂಥ ಸಣ್ಣ ನೀರಿನಲ್ಲಿ ಎಂದೂ ಕಂಡುಹಿಡಿದರು. ಹೊಂಡ ಮುಚ್ಚಿ, ನೀರು ಹರಿಯಬಿಡಿ, ಎಣ್ಣೆ ಹಾಕಿ ಎಂಬುದು ರಾಸ್ ಅವರ ಮುಖ್ಯ ಒತ್ತಾಯ. ಹಾಗೆಂದು ಬಿಳಿಯರು ಬೇರೆಯಾಗಿ ಇರುವ ಯೋಚನೆಯನ್ನು ಅವರು ತಳ್ಳಿಹಾಕಿದವರೂ ಅಲ್ಲ. ನಾನು ಗೌರವಿಸುವ ಮನುಷ್ಯರಾದ್ದರಿಂದಲೇ ಇದನ್ನು ಹೇಳದೆ ಬಿಡಲಾರೆ.

ಅವರ ಹಿಂದೆಯೇ ಸ್ಟೀಫನ್ಸ್ ಮತ್ತು ಕ್ರಿಸ್ಟೊಫರ್ಸ್ ಎಂಬ ಇಬ್ಬರು ವಿಜ್ಞಾನಿಗಳು ಬಂದರು. ಆಫ್ರಿಕನ್ ಮಕ್ಕಳ ರಕ್ತ ಪರೀಕ್ಷಿಸಿದಾಗ, ಮೇಲ್ನೋಟಕ್ಕೆ ಆರೋಗ್ಯವಾಗಿರುವ ಎಷ್ಟೋ ಮಕ್ಕಳಲ್ಲಿ ಪರೋಪಜೀವಿ ಕಂಡಿತು. ಶೋಧ ಸರಿಯಾಗಿಯೇ ಇತ್ತು. ಈಗಲೂ ನಾವು ಅದನ್ನೇ ಓದುತ್ತೇವೆ. ಅದರಿಂದ ಅವರು ಎಳೆದ ತೀರ್ಮಾನ ನೋಡಿ: ಮಕ್ಕಳೇ ರೋಗದ ಉಗ್ರಾಣ, ಆದ್ದರಿಂದ ಯುರೋಪಿನವರು ಆಫ್ರಿಕನ್ನರ ಮನೆಗಳಿಂದ ದೂರ ಮಲಗಬೇಕು. ಅನಾಫಿಲಿಸ್ ಕಚ್ಚುವುದು ರಾತ್ರಿ, ಹಾಗಾಗಿ ಹಗಲು ಕೆಳಗೆ ಕಚೇರಿ, ರಾತ್ರಿ ಗುಡ್ಡದ ಮೇಲೆ ನಿದ್ದೆ.

ಹೀಗೆ 1904ರಲ್ಲಿ ಹಿಲ್ ಸ್ಟೇಷನ್ ಎದ್ದಿತು. ಮನೆಗಳ ಭಾಗಗಳನ್ನು ಇಂಗ್ಲೆಂಡಿನಲ್ಲೇ ಮಾಡಿಸಿ, ಹಡಗಿನಲ್ಲಿ ತಂದು, ಗುಡ್ಡದ ಮೇಲೆ ಎತ್ತರದ ಕಂಬಗಳ ಮೇಲೆ ಜೋಡಿಸಿದರು. ಕೆಳಗಿನ ಊರಿನಿಂದ ಅಲ್ಲಿಗೆ ಅಧಿಕಾರಿಗಳನ್ನು ಹೊತ್ತು ತರಲು ಒಂದು ರೈಲು ಬೇಕೆಂದು ಎಂಟೊಂಬತ್ತು ಕಿಲೋಮೀಟರು ಹಳಿ ಹಾಕಿದರು. ಗುಡ್ಡದ ರೈಲೂ ಆ ವರ್ಷವೇ ಶುರುವಾಯಿತು. ಮೋಟಾರು ರಸ್ತೆಯಾದ ಮೇಲೆ, 1929ರಲ್ಲಿ ನಿಂತಿತು. ಕೆಳಗಿನ ಊರಿನ ಹೊಂಡಗಳು ಎಲ್ಲಿದ್ದವೋ ಅಲ್ಲೇ ಇದ್ದವು.

ನನ್ನ ಕೆಲಸ ಮಾಡಿದ ಯಾರಿಗಾದರೂ ಇಲ್ಲಿ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಮಂಗಳೂರಿನಲ್ಲಿ ಮಲೇರಿಯಾ ಜೋರಾಗಿದ್ದ ವರ್ಷಗಳಲ್ಲಿ ಹೊರಗಿನ ಕಟ್ಟಡ ಕೂಲಿಯವರಿಂದಲೇ ರೋಗ ಬಂತು, ಅವರನ್ನು ದೂರ ಇಡಿ ಎಂದು ನನ್ನ ಹತ್ತಿರ ಹೇಳಿದವರು ಒಬ್ಬಿಬ್ಬರಲ್ಲ. ಅವರ ರಕ್ತದಲ್ಲಿ ಪರೋಪಜೀವಿ ಇದ್ದದ್ದೂ ನಿಜ. ಅದಕ್ಕೆ ನಾವು ಮಾಡಿದ್ದು ಅವರ ಶೆಡ್ಡಿಗೇ ಹೋಗಿ ರಕ್ತ ತೆಗೆದು, ಮಾತ್ರೆ ಕೊಟ್ಟು, ಪೂರ್ತಿ ನುಂಗಿದರೇ ಎಂದು ಮತ್ತೆ ಹೋಗಿ ಕೇಳಿದ್ದು. ರೋಗ ಇರುವವನ ಹತ್ತಿರ ಹೋಗಬೇಕು. ಅವನಿಂದ ದೂರ ಓಡಿ ಗುಡ್ಡ ಹತ್ತಿದರೆ ಅವನೂ ಗುಣವಾಗುವುದಿಲ್ಲ, ರೋಗವೂ ನಿಲ್ಲುವುದಿಲ್ಲ.

ಆ ಕಾಲದಲ್ಲೇ ಫ್ರೀಟೌನಿನಲ್ಲಿ ಓದಿದ ವೈದ್ಯರು ಇರಲಿಲ್ಲವೆಂದಲ್ಲ. ಗುಲಾಮಗಿರಿಯಿಂದ ಬಿಡುಗಡೆಯಾಗಿ ಬಂದವರು 1792ರಲ್ಲಿ ಕಟ್ಟಿದ ಊರು ಅದು. 1827ರಲ್ಲೇ ಅಲ್ಲಿ ಫುರಾ ಬೇ ಕಾಲೇಜು ಬಂತು. ಜಾನ್ ಫ್ಯಾರೆಲ್ ಈಸ್ಮನ್ ಎಂಬ, ಕ್ರಿಯೋ ಜನಾಂಗದ ವೈದ್ಯರು 1884ರಲ್ಲೇ, ಮೂತ್ರ ಕಪ್ಪಾಗುವ ಮಾರಕ ಜ್ವರದ ಬಗ್ಗೆ ಬರೆದು ಅದಕ್ಕೆ ಇಂಗ್ಲಿಷಿನಲ್ಲಿ ಈಗಲೂ ಬಳಸುವ ಬ್ಲ್ಯಾಕ್‌ವಾಟರ್ ಎಂಬ ಹೆಸರು ಕೊಟ್ಟರು. ಈಗ ಘಾನಾ ಎನ್ನುವ ಗೋಲ್ಡ್ ಕೋಸ್ಟಿನ ಮುಖ್ಯ ವೈದ್ಯಾಧಿಕಾರಿಯೂ ಆಗಿದ್ದರು. 1902ರಲ್ಲಿ ಬ್ರಿಟಿಷರು ಪಶ್ಚಿಮ ಆಫ್ರಿಕಾಕ್ಕೆ ಒಂದೇ ವೈದ್ಯಕೀಯ ಸೇವೆ ಮಾಡಿ, ಯುರೋಪಿಯನ್ ಮೂಲದವರಿಗೆ ಮಾತ್ರ ಪ್ರವೇಶ ಎಂದು ನಿಯಮ ಬರೆದರು. ಈಸ್ಮನ್ನರ ಮಗ ಮೆಕಾರ್ಮಕ್ ಈಸ್ಮನ್ ಲಂಡನ್ನಿನಲ್ಲಿ ಓದಿ ವೈದ್ಯರಾಗಿ ಅರ್ಜಿ ಹಾಕಿದಾಗ, ಆಫ್ರಿಕನ್ ರಕ್ತ ಎಂಬ ಕಾರಣಕ್ಕೆ ತೆಗೆದುಕೊಳ್ಳಲಿಲ್ಲ. ಕೆಳದರ್ಜೆಯ ಕೆಲಸ ಕೊಟ್ಟರು. ಅವರು ಅದನ್ನೇ ಮಾಡಿದರು, ಜೊತೆಗೆ ಊರಿನ ಹಳೆಯ ವಸ್ತು, ಹಳೆಯ ಜಾಗಗಳನ್ನೆಲ್ಲ ಹುಡುಕಿ ದಾಖಲಿಸಿದರು.

ಒಂದು ದಿನ ಮಗನ ಜೊತೆ ಕೆಳಗಿನ ಊರಿಗೆ ಹೋಗಿದ್ದೆ. ನಡು ಊರಿನಲ್ಲಿ ಒಂದು ಮಹಾ ಮರವಿತ್ತು, ಕಾಟನ್ ಟ್ರೀ, ನಮ್ಮ ಬಿಳಿ ಬೂರುಗವೇ. 1792ರಲ್ಲಿ ಬಂದವರು ಅದರ ಬುಡದಲ್ಲಿ ನಿಂತು ಪ್ರಾರ್ಥಿಸಿದರು ಎಂದು ಊರಿನವರು ಹೇಳುತ್ತಾರೆ. 2023ರ ಮೇ 24ರ ಗಾಳಿಮಳೆಗೆ ಅದು ಉರುಳಿತು. ನಾನು ನೋಡಿದ್ದು ಬುಡದ ಮೋಟನ್ನು ಮಾತ್ರ. ಅದರ ಎದುರಿಗಿರುವ ಸಣ್ಣ ಕಟ್ಟಡವೇ ಸಿಯೆರಾ ಲಿಯೋನಿನ ರಾಷ್ಟ್ರೀಯ ಮ್ಯೂಸಿಯಂ. 1957ರಲ್ಲಿ ತೆರೆದದ್ದು, ಅದನ್ನು ಎಬ್ಬಿಸಿ ನಿಲ್ಲಿಸಿದವರಲ್ಲಿ ಮುಖ್ಯರು ಇದೇ ಮೆಕಾರ್ಮಕ್ ಈಸ್ಮನ್. ಮ್ಯೂಸಿಯಮ್ಮಿಗೆ ಸಿಕ್ಕಿದ ಜಾಗ ಗುಡ್ಡದ ರೈಲಿನ ಹಳೆಯ ಕಾಟನ್ ಟ್ರೀ ಸ್ಟೇಷನ್. ಸಂಜೆ ಹೊತ್ತು ಬಿಳಿಯ ಅಧಿಕಾರಿಗಳು ಮೇಲಕ್ಕೆ ಹೋಗಲು ರೈಲು ಕಾಯುತ್ತಿದ್ದ ಜಾಗ. ಒಳಗಿನ ಮರದ ಮುಖವಾಡಗಳಿಗಿಂತ ಹೆಚ್ಚು ಹೊತ್ತು ನಾನು ಆ ಬಾಗಿಲಲ್ಲೇ ನಿಂತಿದ್ದೆ.

ಇಂದಿನ ಹಿಲ್ ಸ್ಟೇಷನ್ನಿಗೆ ಯಾರೂ ಬರಬಹುದು, ದುಡ್ಡಿದ್ದರೆ ಇರಬಹುದು. ರಾಷ್ಟ್ರಾಧ್ಯಕ್ಷರ ಸ್ಟೇಟ್ ಲಾಡ್ಜ್ ಅಲ್ಲೇ ಇದೆ. ಎತ್ತರದ ಕಾಂಪೌಂಡು, ಮೇಲೆ ಮುಳ್ಳುತಂತಿ, ಒಳಗೆ ಜನರೇಟರ್ ಸದ್ದು. ಗುಡ್ಡದ ಇನ್ನೂ ಮೇಲಕ್ಕೆ ಕಾಡು ಕಡಿದು ಮನೆಗಳು ಏರುತ್ತಲೇ ಇವೆ. 2017ರ ಆಗಸ್ಟ್ 14ರ ಬೆಳಗ್ಗೆ, ಅಲ್ಲಿಂದ ಸ್ವಲ್ಪ ದೂರದ ರೀಜೆಂಟ್ ಎಂಬಲ್ಲಿ ಶುಗರ್‌ಲೋಫ್ ಬೆಟ್ಟದ ಒಂದು ಮಗ್ಗುಲು ಕುಸಿದು ಸಾವಿರಕ್ಕೂ ಹೆಚ್ಚು ಜನ ಸತ್ತರು ಅಥವಾ ಕಾಣೆಯಾದರು. ಕೊಡಗಿನ, ವಯನಾಡಿನ ಕುಸಿತಗಳ ಸುದ್ದಿ ಕೇಳಿದ ನಮಗೆ ಅದನ್ನು ವಿವರಿಸಿ ಹೇಳಬೇಕಾಗಿಲ್ಲ.

ಕಂಬದ ಮೇಲಿನ ಹಳೆಯ ಮನೆಗಳು ಕೆಲವು ಉಳಿದಿವೆ. ಮಗನ ಮನೆಯಿಂದ ಹತ್ತು ನಿಮಿಷದ ನಡಿಗೆಯಲ್ಲಿ ಒಂದಿದೆ. ಬೆಳಗ್ಗೆ ವಾಕಿಂಗ್ ಹೋಗುವಾಗ ಅದರ ಮುಂದೆ ದಿನವೂ ನಿಲ್ಲುತ್ತಿದ್ದೆ. ಹಲಗೆಯ ಗೋಡೆ, ಸುತ್ತ ಜಗಲಿ, ತುಕ್ಕು ಹಿಡಿದ ತಗಡಿನ ಮಾಡು. ಕೆಳಗೆ ಕಂಬಗಳ ನಡುವೆ ಆಳೆತ್ತರದ ಖಾಲಿ ಜಾಗ. ಅಲ್ಲಿ ಬಟ್ಟೆ ಒಣಹಾಕಿದ್ದರು, ಒಂದು ಕೋಳಿ ಮರಿಗಳೊಂದಿಗೆ ಓಡಾಡುತ್ತಿತ್ತು, ಸಾಲಾಗಿ ಹಳದಿ ಕ್ಯಾನುಗಳು, ಮುಚ್ಚಳವಿಲ್ಲದ ಒಂದು ನೀಲಿ ಡ್ರಮ್ಮು. ನೀರಿಗೆ ಅಲ್ಲಿ ತತ್ವಾರ. ಮಕ್ಕಳು ಶಾಲೆಗೆ ಮೊದಲು ತಲೆಯ ಮೇಲೆ ಕ್ಯಾನು ಹೊತ್ತು ಏರು ಹತ್ತಿ ಬರುತ್ತವೆ.

ನಾಲ್ಕನೆಯ ದಿನ ಜಗಲಿಯಿಂದ ಒಬ್ಬ ಅಜ್ಜಿ, "ಪಾ, ಕುಶೆ-ಓ! ಏನು ನೋಡುತ್ತೀ ದಿನಾ?" ಎಂದು ಕೂಗಿದರು. ಮಗ ನನ್ನ ಕೆಲಸ ಏನಿತ್ತೆಂದು ಕ್ರಿಯೋದಲ್ಲಿ ಹೇಳಿದ. ಅಜ್ಜಿಗೆ ಖುಷಿಯಾಯಿತು. ಅವರೂ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಎಷ್ಟು ಪಿಕಿನ್‌ಗಳಿಗೆ, ಅಂದರೆ ಮಕ್ಕಳಿಗೆ, ಜ್ವರದಲ್ಲಿ ಡ್ರಿಪ್ ಹಾಕಿದ್ದೇನೋ ಲೆಕ್ಕವಿಲ್ಲ ಎಂದರು. ಈಗ ಲಸಿಕೆ ಬಂದಿದೆಯಲ್ಲ ಎಂದೆ. 2024ರ ಏಪ್ರಿಲ್‌ನಲ್ಲಿ ಸಿಯೆರಾ ಲಿಯೋನ್ ಚಿಕ್ಕ ಮಕ್ಕಳಿಗೆ ಮಲೇರಿಯಾ ಲಸಿಕೆ ಶುರುಮಾಡಿದೆ. "ಬಂತು, ದೇವರಿಗೆ ಟೆಂಕಿ", ಅಂದರೆ ಥ್ಯಾಂಕ್ಸ್, ಎಂದು ಎದೆಯ ಮೇಲೆ ಕೈಯಿಟ್ಟುಕೊಂಡರು.

ಅವರ ಮೊಮ್ಮಗ, ಎಂಟೊಂಬತ್ತು ವರ್ಷದವನು, ನೀಲಿ ಡ್ರಮ್ಮಿನ ಹತ್ತಿರ ನನ್ನನ್ನು ಕರೆದುಕೊಂಡು ಹೋದ. ಸೊಳ್ಳೆ ತೋರಿಸು ಎಂದು. ಅಜ್ಜಿ ಮೇಲಿನಿಂದ ಒಂದು ಬಿಳಿ ಎನಾಮೆಲ್ ಬಟ್ಟಲು ಕೊಟ್ಟರು. ಡ್ರಮ್ಮಿನಿಂದ ಒಂದು ಬಟ್ಟಲು ನೀರು ತೆಗೆದೆ. ಮರಿಗಳಿದ್ದವು. ಬಾಲದ ತುದಿಯ ಕೊಳವೆಯನ್ನು ನೀರಿನ ಮೇಲ್ಮೈಗೆ ತಾಗಿಸಿ, ತಲೆಕೆಳಗಾಗಿ ತೂಗುತ್ತಿದ್ದವು. ಇವು ಮಲೇರಿಯಾದವಲ್ಲ ಎಂದು ಮಗನ ಬಾಯಿಂದ ಹೇಳಿಸಿದೆ. ನಮ್ಮ ಮಂಗಳೂರಿನ ಅನಾಫಿಲಿಸ್ ಟಾಂಕಿಯಲ್ಲಿ ಹುಟ್ಟುವ ಜಾತಿ, ಅವರದ್ದು ಬಿಸಿಲು ಬೀಳುವ ಬಯಲ ಹೊಂಡದಲ್ಲಿ ಹುಟ್ಟುವ ಜಾತಿ. ಆದ್ದರಿಂದ ಹೊರಗೆ ಮಣ್ಣಿನ ರಸ್ತೆಗೆ ಹೋದೆವು. ಲಾರಿಯ ಗಾಲಿ ಕೊರೆದ ಗುಂಡಿಯಲ್ಲಿ ಹಿಂದಿನ ವಾರದ ಮಳೆನೀರು ನಿಂತಿತ್ತು, ಚಹಾದ ಬಣ್ಣಕ್ಕೆ. ನನ್ನ ನೆರಳು ಬೀಳದ ಕಡೆ ಕುಕ್ಕರಗಾಲಲ್ಲಿ ಕೂತು, ಬಟ್ಟಲನ್ನು ಓರೆಯಾಗಿ ಮೆಲ್ಲಗೆ ಇಳಿಸಿ ನೀರು ತುಂಬಿಕೊಂಡೆ. ಮೊದಲು ಏನೂ ಕಾಣಲಿಲ್ಲ. ಹೆದರಿದರೆ ಅವು ತಳಕ್ಕೆ ಇಳಿಯುತ್ತವೆ, ಸ್ವಲ್ಪ ಕಾಯಬೇಕು. ಆಮೇಲೆ ಒಂದೊಂದಾಗಿ ಮೇಲೆ ಬಂದವು. ತುಂಡು ದಾರದಷ್ಟು, ನೀರಿನ ಮೇಲ್ಮೈಗೆ ಅಂಟಿದ ಹಾಗೆ ಉದ್ದಕ್ಕೆ ಮಲಗಿದ್ದವು. ಐದು. ರಾಸ್ ಇದೇ ಊರಿನ ರಸ್ತೆಗಳಲ್ಲಿ ಕೂತು ನೋಡಿದ್ದೂ ಇವನ್ನೇ. ಗುಡ್ಡದ ಮೇಲೂ ಇದ್ದವು.

ಹುಡುಗ ಉಸಿರು ಬಿಗಿಹಿಡಿದು ನೋಡಿದ. ಒಂದು ಮರಿ ಹಿಂದಕ್ಕೆ ಸರಸರ ಜಾರಿದಾಗ ನಕ್ಕ. ಆಮೇಲೆ ಬಟ್ಟಲನ್ನು ನನ್ನ ಕೈಯಿಂದ ತೆಗೆದುಕೊಂಡ. "ಗ್ರಾನಿ, ಕಮ್ ಲುಕ್!" ಎಂದು ಕೂಗಿ, ಎರಡೂ ಕೈಯಲ್ಲಿ ಹಿಡಿದು, ನೀರು ತುಳುಕದ ಹಾಗೆ ಒಂದೊಂದೇ ಮೆಟ್ಟಿಲು ಏರಿ ಆ ಮನೆಯ ಜಗಲಿಗೆ ಹೋದ.

ನಮಸ್ಕಾರ.