ಬೇಕಿದ್ರೆ ಹೇಳು ಅನ್ನಬೇಡಿ, ಹೋಗಿ

ನಮಸ್ಕಾರ ಸ್ನೇಹಿತರೇ. ಇವತ್ತು ಅಪ್ಪೆಮಿಡಿ ಉಪ್ಪಿನಕಾಯಿ ಬಗ್ಗೆ ಮಾತಾಡಬೇಕು ಅಂತ ಎಲ್ಲ ಬರೆದಿಟ್ಟುಕೊಂಡಿದ್ದೆ. ಅದು ಭಾನುವಾರಕ್ಕೆ ಹೋಯಿತು. ಯಾಕೆಂದರೆ ಬೆಳಿಗ್ಗೆ ಕಾಫಿ ಕುಡಿಯುತ್ತಾ ಒಂದು ಕಾಮೆಂಟ್ ಓದಿದೆ. ಕಾಫಿ ಆರಿ ಹೋಯಿತು, ಸಿಟ್ಟು ಇನ್ನೂ ಆರಿಲ್ಲ.

ಹೋದ ವಿಡಿಯೋದಲ್ಲಿ ಹೇಳಿದ್ದೆ, ನನ್ನ ಬಲಗಣ್ಣಿನ ಪೊರೆ ಆಪರೇಷನ್ ಆಯಿತು, ಗೆಳೆಯ ಜೊತೆಗಿದ್ದ ಅಂತ. ಅದಕ್ಕೆ ಒಬ್ಬರು ಬರೆದಿದ್ದಾರೆ. "15 ನಿಮಿಷದ ಆಪರೇಷನ್ ಸರ್. ಅದಕ್ಕೂ ಗೆಳೆಯನ ಒಂದು ದಿನ ಹಾಳು ಮಾಡಬೇಕಾ? ಬೇಕಿದ್ದರೆ ಹೇಳುತ್ತೀರಿ, ಆಗ ಬರುತ್ತಾರೆ." ಇದಕ್ಕೆ ಲೈಕ್ ಬೇರೆ ಕೊಟ್ಟಿದ್ದೀರಿ ಜನ.

ಬೇಕಿದ್ದರೆ ಹೇಳುತ್ತೀರಿ! ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಆಪರೇಷನ್ ದಿನ ಗೊತ್ತಾದ ಮೇಲೆ 11 ಜನ ನನಗೆ ಇದನ್ನೇ ಹೇಳಿದರು. "ಏನಾದ್ರೂ ಬೇಕಿದ್ರೆ ಹೇಳು." ಎಲ್ಲರೂ ಒಳ್ಳೆಯವರೇ, ಇಲ್ಲ ಅನ್ನುವುದಿಲ್ಲ. ಒಬ್ಬ ಮಾತ್ರ ಹಾಗೆ ಹೇಳಲಿಲ್ಲ. "ಎಷ್ಟೊತ್ತಿಗೆ?" ಅಂದ. ಏಳು ಗಂಟೆಗೆ ಅಂದೆ. ಆರೂ ಮುಕ್ಕಾಲಿಗೆ ನಮ್ಮ ಮನೆ ಗೇಟು ಕಿರ್ ಅಂತು.

ನನ್ನ ವಾದ ಇಷ್ಟೇ. ಬೇಕಿದ್ರೆ ಹೇಳು ಅನ್ನಬೇಡಿ. ಎಷ್ಟೊತ್ತಿಗೆ ಅಂತ ಕೇಳಿ, ಹೋಗಿ.

15 ನಿಮಿಷ, ಸರಿ. ಎರಡು ಮೂರು ಮಿಲಿಮೀಟರ್ ಗಾಯ, ಹೊಲಿಗೆ ಇಲ್ಲ, ಅವತ್ತೇ ಮನೆಗೆ. ಆದರೆ ಅದು ಡಾಕ್ಟರ್ ಲೆಕ್ಕ. ನನ್ನ ಲೆಕ್ಕ ಬೇರೆ. ಬೆಳಿಗ್ಗೆ ಹೋದ ತಕ್ಷಣ ಕಣ್ಣಿಗೆ ಹನಿ ಹಾಕುತ್ತಾರೆ, ಪಾಪೆ ಅಗಲ ಆಗಲಿ ಅಂತ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ. ಮತ್ತೆ. ಕನ್ನಡಕ ತೆಗೆಸಿ ಇಡುತ್ತಾರೆ. ನನಗೆ ಎಡಗಣ್ಣಲ್ಲೂ ಪೊರೆ ಇದೆ. ಎಲ್ಲಾ ಮಂಜು ಮಂಜು ಆದ ಮೇಲೆ ಕೈಗೆ ನಾಲ್ಕು ಪುಟದ ಒಪ್ಪಿಗೆ ಪತ್ರ ಕೊಟ್ಟರು. "ಓದಿ ಸಹಿ ಮಾಡಿ." ಹೇಗೆ ಓದಲಿ? ಗೆಳೆಯ ಪಕ್ಕದಲ್ಲಿ ಕೂತು ಸಾಲು ಸಾಲಾಗಿ ಓದಿ ಹೇಳಿದ. ಸಹಿ ಎಲ್ಲಿ ಅಂತ ನನ್ನ ಹೆಬ್ಬೆರಳು ಹಿಡಿದು ಜಾಗ ತೋರಿಸಿದ.

ಆಮೇಲೆ ಇನ್ಶೂರೆನ್ಸ್ ಕೌಂಟರ್. ಎಷ್ಟೋ ಪಾಲಿಸಿಗಳಲ್ಲಿ ಒಂದು ಕಣ್ಣಿಗೆ ಇಷ್ಟೇ ದುಡ್ಡು ಅಂತ ಮಿತಿ ಇರುತ್ತದೆ. ಜೊತೆಗೆ ಕಣ್ಣೊಳಗೆ ಕೂರಿಸಿದ ಲೆನ್ಸಿನ ಡಬ್ಬಿಯ ಸ್ಟಿಕ್ಕರ್ ಬೇಕು, ಪವರ್, ಸೀರಿಯಲ್ ನಂಬರ್ ಎಲ್ಲ ಇರುವಂಥದ್ದು. ನಮ್ಮ ಕಾಗದದಲ್ಲಿ ಅದನ್ನು ಅಂಟಿಸುವುದೇ ಮರೆತಿದ್ದರು. ಗೆಳೆಯ ಎರಡು ಮಹಡಿ ಹತ್ತಿ ಹೋಗಿ ತಂದ. ಆ 11 ಜನರೂ ಅವತ್ತು ವಾಟ್ಸಾಪಲ್ಲಿ ಸ್ಟಿಕ್ಕರ್ ಕಳಿಸಿದ್ದರು, ಹೂವು, ಕೈ ಮುಗಿದ ಗೊಂಬೆ. ನನಗೆ ಬೇಕಿದ್ದ ಸ್ಟಿಕ್ಕರ್ ಮೂರನೇ ಮಹಡಿಯಲ್ಲಿತ್ತು!

ಈಗ ಒಬ್ಬರು ಹೇಳುತ್ತಾರೆ, "ಕ್ಯಾಬ್ ಮಾಡಿಕೊಂಡು ಬರಬಹುದಿತ್ತು." ಬಂದೆ ಅಂತಲೇ ಇಟ್ಟುಕೊಳ್ಳಿ. ಕ್ಯಾಬಿನವರು ಮನೆ ಒಳಗೆ ಬಂದು ಕಣ್ಣಿಗೆ ಹನಿ ಹಾಕುತ್ತಾರಾ? ನನಗೆ ಮೊದಲ ವಾರ ದಿನಕ್ಕೆ ಆರು ಸಲ ಹನಿ. ಎರಡು ಬಾಟಲಿ. ಒಂದಕ್ಕೂ ಇನ್ನೊಂದಕ್ಕೂ 5 ನಿಮಿಷ ಬಿಡಬೇಕು. ಬಾಟಲಿ ಮೂತಿ ರೆಪ್ಪೆಗೆ ತಾಗಬಾರದು. ನೀವೇ ಹಾಕಿಕೊಂಡು ನೋಡಿ, ಹನಿ ಕೆನ್ನೆ ಮೇಲೆ ಬೀಳುತ್ತದೆ. ಗೆಳೆಯ ಹಳೇ ಕ್ಯಾಲೆಂಡರ್ ಹಾಳೆ ಹಿಂದೆ ದಪ್ಪ ಸ್ಕೆಚ್ ಪೆನ್ನಲ್ಲಿ ಚೌಕ ಹಾಕಿ ಫ್ರಿಜ್ಜಿಗೆ ಅಂಟಿಸಿದ. ಹಾಲು ತರಲು ಹೋಗುವಾಗ ಬಂದು ಒಂದು ಚೌಕಕ್ಕೆ ಗೀಟು, ರಾತ್ರಿ ವಾಕಿಂಗ್ ಮುಗಿಸಿ ಇನ್ನೊಂದಕ್ಕೆ. ಮಧ್ಯದ್ದಕ್ಕೆ ಪಕ್ಕದ ಮನೆ ಹುಡುಗನನ್ನು ಅವನೇ ಒಪ್ಪಿಸಿದ.

"ಮಕ್ಕಳಿಲ್ಲವಾ?" ಇದ್ದಾಳೆ. ಜರ್ಮನಿಯಲ್ಲಿ. ದಿನಾ ವಿಡಿಯೋ ಕಾಲ್ ಮಾಡಿ ಅಳುತ್ತಾಳೆ. ಫೋನಿನ ಒಳಗಿಂದ ಹನಿ ಹಾಕಲು ಆಗುತ್ತದಾ? ಅವಳಿಗೂ ಧೈರ್ಯ ಬಂದದ್ದು ಆ ಫ್ರಿಜ್ಜಿನ ಚೀಟಿ ನೋಡಿಯೇ.

ನಮ್ಮ ಅಜ್ಜಿ ಕಾಲ ನೆನಪಿಸಿಕೊಳ್ಳಿ. ಲಂಡನ್ನಿನಲ್ಲಿ ಹೆರಾಲ್ಡ್ ರಿಡ್ಲಿ 1949ರಲ್ಲೇ ಕಣ್ಣೊಳಗೆ ಲೆನ್ಸ್ ಕೂರಿಸಿದ್ದರು. ಆದರೂ ನಮ್ಮ ಹಳ್ಳಿಗಳಿಗೆ ಅದು ಬರಲು ಎಷ್ಟೋ ವರ್ಷ ಹಿಡಿಯಿತು. ಅಲ್ಲಿಯವರೆಗೆ ಪೊರೆ ತೆಗೆದು ಸೋಡಾ ಗ್ಲಾಸ್ ಕನ್ನಡಕ. ಕಣ್ಣಿಗೆ ಪಟ್ಟಿ ಕಟ್ಟಿ ದಿನಗಟ್ಟಲೆ ಅಲ್ಲಾಡದೆ ಮಲಗಬೇಕು. ಬೆಂಗಳೂರಲ್ಲಿ ಮೋದಿ ಆಸ್ಪತ್ರೆ ರಸ್ತೆ ಅಂತ ಇದೆಯಲ್ಲ, ಆ ಡಾಕ್ಟರ್ ಎಂ. ಸಿ. ಮೋದಿ ನಮ್ಮ ಬೀಳಗಿಯವರು. ಊರೂರಿಗೆ ಹೋಗಿ ಕ್ಯಾಂಪ್ ಮಾಡಿದ ಪುಣ್ಯಾತ್ಮ. ತಿರುಪತಿಯಲ್ಲಿ ಒಂದೇ ದಿನ 833 ಪೊರೆ ಆಪರೇಷನ್ ಮಾಡಿದವರು. ಒಬ್ಬ ಡಾಕ್ಟರ್ 833 ಜನರನ್ನು ನೋಡಬಹುದು. ಆದರೆ ಕಣ್ಣು ಕಟ್ಟಿಸಿಕೊಂಡು ಮಲಗಿದ ಒಬ್ಬೊಬ್ಬರಿಗೂ ಕೈ ಹಿಡಿದು ಬಚ್ಚಲಿಗೆ ಕರೆದುಕೊಂಡು ಹೋಗುವವರು ಒಬ್ಬರು ಬೇಕೇ ಬೇಕು ಅಲ್ವಾ? ನಮ್ಮ ಅಜ್ಜಿ ಜೊತೆ ಕ್ಯಾಂಪಿಗೆ ಹೋದವರು ಪಕ್ಕದ ಮನೆ ಗೌರಜ್ಜಿ. ಬೇಕಿದ್ರೆ ಹೇಳು ಅನ್ನಲಿಲ್ಲ. ಎರಡು ಸೀರೆ ಗಂಟು ಕಟ್ಟಿಕೊಂಡು ಬಂದು ಜಗಲಿ ಮೇಲೆ ಕೂತರು.

ಹೇಳು ಅಂದುಬಿಟ್ಟರೆ ಕೇಳುವ ಭಾರ ಮಲಗಿದವನ ತಲೆ ಮೇಲೆ ಬೀಳುತ್ತದೆ. ಕೇಳುವುದಕ್ಕೆ ಸಂಕೋಚ. ತಲೆಗೆ ನೀರು ಹಾಕಬಾರದು ಅಂದಿದ್ದರು ನನಗೆ. ಆರನೇ ದಿನ ಸೆಕೆಗೆ ನೆತ್ತಿ ಕೆರೆತ, ನಿದ್ದೆ ಇಲ್ಲ. ಯಾರಿಗೆ ಫೋನ್ ಮಾಡಿ "ಬಂದು ನನ್ನ ತಲೆ ತೊಳೆಯಿರಿ" ಅನ್ನಲಿ? ಸತ್ತರೂ ಅನ್ನುತ್ತಿರಲಿಲ್ಲ. ನಾನು ತಲೆ ಕೆರೆಯುವುದನ್ನು ಗೆಳೆಯ ನೋಡಿದ. ಅವನೇ ಡಾಕ್ಟರಿಗೆ ಫೋನ್ ಮಾಡಿ ಕೇಳಿದ. ಹಿಂದಕ್ಕೆ ವಾಲಿಸಿ, ಕಣ್ಣಿಗೆ ಒಂದು ತೊಟ್ಟೂ ಬೀಳದ ಹಾಗೆ ತೊಳೆಯಿರಿ ಅಂದರಂತೆ. ಬಚ್ಚಲಲ್ಲಿ ಪ್ಲಾಸ್ಟಿಕ್ ಕುರ್ಚಿ, ಕುತ್ತಿಗೆ ಕೆಳಗೆ ಮಡಿಸಿದ ಟವೆಲ್. ಒಂದು ಕೈ ನನ್ನ ಹಣೆ ಮೇಲೆ ಅಡ್ಡ ಇಟ್ಟುಕೊಂಡು ಇನ್ನೊಂದು ಕೈಯಲ್ಲಿ ಚೊಂಬಿನಿಂದ ಸಣ್ಣಗೆ ನೀರು ಬಿಟ್ಟ. ಮೂವತ್ತು ವರ್ಷದ ಗೆಳೆತನ ನಮ್ಮದು. ಅವನ ಕೈ ಅಷ್ಟು ಹಗುರ ಅಂತ ನನಗೆ ಗೊತ್ತಿರಲಿಲ್ಲ.

ಇದಕ್ಕೆ ಏನು ಹೇಳುತ್ತೀರಿ? ದಿನ ಹಾಳಾಯಿತಾ? ಹೋಗಲಿ ಬಿಡಿ, ನನಗೆ ಇನ್ನು ವಾದ ಬೇಡ. ಹೋಗಿ ಅಷ್ಟೇ! ಹಲ್ಲು ಕೀಳಿಸಿದರೂ ಹೋಗಿ. ಉಗುರು ತೆಗೆಸಿದರೂ ಹೋಗಿ. ಸುಮ್ನೆ ಹೊರಗಿನ ಬೆಂಚಲ್ಲಿ ಕೂತಿರಿ, ಸಾಕು. ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಬೆಲ್ ಒತ್ತಿ, ಈ ವಿಡಿಯೋ ಆ "ಬೇಕಿದ್ರೆ ಹೇಳು" ಗೆಳೆಯನಿಗೆ ಕಳಿಸಿ. ಬೈದುಕೊಂಡರೆ ನನ್ನ ಹೆಸರು ಹೇಳಿ.

ಹಾಂ, ಇನ್ನೊಂದು. ನಾಳೆ ಬೆಳಗಿನ ಲೈವ್ ಇಲ್ಲ. ನನ್ನ ಗೆಳೆಯನಿಗೇ ನಾಳೆ ಎಂಡೋಸ್ಕೋಪಿ, ಗಂಟಲು ಜೋಮು ಹಿಡಿಸಿ ಕೊಳವೆ ಇಳಿಸಿ ಹೊಟ್ಟೆ ಒಳಗೆ ನೋಡುತ್ತಾರಲ್ಲ, ಅದು. ಮಂಪರು ಇಂಜೆಕ್ಷನ್ ಕೊಡುತ್ತಾರೆ, ಅವತ್ತು ಗಾಡಿ ಓಡಿಸುವ ಹಾಗಿಲ್ಲ. "ಸಣ್ಣದು ಮಾರಾಯ, ನೀನು ಈ ಆಪರೇಷನ್ ಆದ ಕಣ್ಣು ಇಟ್ಟುಕೊಂಡು ಬರಬೇಡ" ಅಂದ. ನಾನು ಅದಕ್ಕೆ ಉತ್ತರ ಕೊಡಲಿಲ್ಲ. ಎಷ್ಟೊತ್ತಿಗೆ ಅಂದೆ. ಎಂಟಕ್ಕೆ ಅಂತೆ. ಆಟೋ ಹೇಳಿದ್ದೇನೆ. ಗಂಟಲಿನ ಜೋಮು ಇಳಿದ ಮೇಲೆ ಕುಡಿಯಲಿ ಅಂತ ಗಂಜಿ ತಗೊಂಡು ಹೋಗಬೇಕು, ಫ್ಲಾಸ್ಕ್ ತೊಳೆದು ಬೋರಲು ಹಾಕಿದ್ದೇನೆ. ಅಪ್ಪೆಮಿಡಿ ಜೊತೆ ಭಾನುವಾರ ಸಿಗೋಣ.