ಎಳ್ಳು-ಬೆಲ್ಲ: ಅಜ್ಜಿಯಿಂದ ಮರಿಮೊಮ್ಮಗಳವರೆಗೆ

ಕೇಳುಗರಿಗೆ ನಮಸ್ಕಾರ.

ಸಂಕ್ರಾಂತಿ ಯಾವತ್ತು ಅಂತ ಕೇಳಿದರೆ ಯಾರಾದರೂ ಥಟ್ಟನೆ ಜನವರಿ 14 ಅನ್ನುತ್ತಾರೆ. ಕೆಲವು ವರ್ಷ 15. ಆದರೆ ಸ್ವಾಮಿ ವಿವೇಕಾನಂದರು ಹುಟ್ಟಿದ 1863ರಲ್ಲಿ ಸಂಕ್ರಾಂತಿ ಬಂದದ್ದು ಜನವರಿ 12ಕ್ಕೆ. ಅವರು ಹುಟ್ಟಿದ್ದೇ ಹಬ್ಬದ ದಿನ. ನಮ್ಮ ಪಂಚಾಂಗದ ಸೌರ ವರ್ಷ ಗೋಡೆಯ ಕ್ಯಾಲೆಂಡರಿನ ವರ್ಷಕ್ಕಿಂತ ಸುಮಾರು 20 ನಿಮಿಷ ದೊಡ್ಡದು. ಆ ನಿಮಿಷಗಳು ಸೇರಿ ಸೇರಿ, 70 ಚಿಲ್ಲರೆ ವರ್ಷಕ್ಕೊಮ್ಮೆ ಹಬ್ಬ ಒಂದು ದಿನ ಮುಂದಕ್ಕೆ ಜರುಗುತ್ತದೆ. ದಿನವೇ ಒಂದು ಕಡೆ ನಿಲ್ಲದ ಹಬ್ಬವನ್ನು ನಾಲ್ಕು ತಲೆಮಾರು ಒಂದೇ ಥರ ಮಾಡಬೇಕು ಅಂದರೆ ಆಗುತ್ತದೆಯೇ?

ನಮ್ಮ ಹಳೇ ಮೈಸೂರು ಕಡೆ ಸಂಕ್ರಾಂತಿ ಅಂದರೆ ಎಳ್ಳು ಬೀರುವುದು. ಅಜ್ಜಿಯ ಕಾಲದಲ್ಲಿ ಹಬ್ಬಕ್ಕೆ ಎರಡು ವಾರ ಇರುವಾಗಲೇ ಕೆಲಸ ಶುರುವಾಗುತ್ತಿತ್ತು. ಕೊಬ್ಬರಿಯ ಕಂದು ಸಿಪ್ಪೆ ಹೆರೆದು ತೆಗೆಯಬೇಕು. ಆಮೇಲೆ ಅಡಕತ್ತರಿ ಹಿಡಿದು ಸಣ್ಣಗೆ, ಒಂದೇ ಅಳತೆಗೆ ಹೆಚ್ಚಬೇಕು. ಬೆಲ್ಲವನ್ನೂ ಹಾಗೇ. ಮಹಡಿ ಮೇಲೆ ಹಳೇ ಪಂಚೆ ಹಾಸಿ ಒಣಗಿಸಬೇಕು, ಇಲ್ಲದಿದ್ದರೆ ಎಳ್ಳು ಬೇಗ ಕೆಡುತ್ತದೆ. ಕಾಗೆ ಓಡಿಸುವುದು ಮಕ್ಕಳ ಪಾಲು. ಹುರಿದ ಕಡಲೇಕಾಯಿ ಬೀಜದ ಸಿಪ್ಪೆ ಉಜ್ಜಿ ಊದುವುದೂ ಅವರದ್ದೇ.

ಸಕ್ಕರೆ ಅಚ್ಚಂತೂ ದೊಡ್ಡ ಪರೀಕ್ಷೆ. ಪಾಕಕ್ಕೆ ಹಾಲು ಹಾಕಿ, ಮೇಲೆ ಬಂದ ಕೊಳೆ ತೆಗೆದು, ಬಟ್ಟೆಯಲ್ಲಿ ಸೋಸಬೇಕು. ನೀರಲ್ಲಿ ನೆನೆಸಿದ ಮರದ ಅಚ್ಚುಗಳಿಗೆ ದಾರ ಬಿಗಿದು ಪಕ್ಕದಲ್ಲಿ ಇಟ್ಟುಕೊಂಡಿರಬೇಕು. ಪಾಕ ಬೆಳ್ಳಗೆ ತಿರುಗುವ ಹೊತ್ತಿಗೆ ಸರಿಯಾಗಿ ಸುರಿಯಬೇಕು. ಸ್ವಲ್ಪ ತಡವಾದರೂ ಬಾಣಲೆಯಲ್ಲೇ ಗಟ್ಟಿಯಾಗಿ ಕೂತುಬಿಡುತ್ತದೆ. ಹದ ಸಿಕ್ಕರೆ ಆನೆ, ಗಿಳಿ, ತೇರು, ಬೃಂದಾವನ ಒಂದೊಂದೇ ಹೊರಬರುತ್ತವೆ.

ಆಗ ಒಂದೊಂದು ಮನೆಯ ಎಳ್ಳಿಗೂ ಒಂದೊಂದು ರುಚಿ. ಒಂದು ಮನೆಯದರಲ್ಲಿ ಕೊಬ್ಬರಿ ಜಾಸ್ತಿ, ಇನ್ನೊಂದರಲ್ಲಿ ಹುರಿಗಡಲೆ, ಮತ್ತೊಂದರಲ್ಲಿ ಬಣ್ಣಬಣ್ಣದ ಜೀರಿಗೆ ಪೆಪ್ಪರಮೆಂಟು. ಕಣ್ಣು ಮುಚ್ಚಿ ತಿಂದರೂ ಇದು ಯಾರ ಮನೆಯದು ಅಂತ ಹೇಳಬಹುದಿತ್ತು.

ಅಮ್ಮನ ಕಾಲಕ್ಕೆ ಇದೆಲ್ಲ ನಿಂತಿತು. ಅಮ್ಮ ಕೆಲಸಕ್ಕೆ ಹೋಗುತ್ತಿದ್ದರು. ಬೆಳಿಗ್ಗೆ ಬಸ್ಸು ಹಿಡಿಯುವವರು ಎರಡು ವಾರ ಕೊಬ್ಬರಿ ಹೆಚ್ಚುತ್ತಾ ಕೂರಲು ಆಗುತ್ತದೆಯೇ? ಅಂಗಡಿಯಿಂದ ಎಳ್ಳು ಬಂತು, ಅಚ್ಚೂ ಬಂತು. ಆ ತಲೆಮಾರನ್ನು ಬೈಯುವವರನ್ನು ಕಂಡರೆ ನನಗೆ ಬೇಜಾರಾಗುತ್ತದೆ. ಅಜ್ಜಿ ಮಾಡುತ್ತಿದ್ದ ಕೆಲಸದಲ್ಲಿ ಅರ್ಧ, ಸುಮ್ನೆ ಬೇರೆ ದಾರಿಯಿಲ್ಲದೆ ಮಾಡುತ್ತಿದ್ದದ್ದು. ಮನೆಯ ಗಂಡಸರು ಯಾರೂ ಅಡಕತ್ತರಿ ಮುಟ್ಟುತ್ತಿರಲಿಲ್ಲ ಅನ್ನುವುದನ್ನೂ ಮರೆಯಬಾರದು, ಅಲ್ವಾ?

ಆದರೆ ಅಮ್ಮ ಒಂದನ್ನು ಮಾತ್ರ ಬಿಡಲಿಲ್ಲ. ಅಂಗಡಿಯ ಎಳ್ಳೇ ಇರಲಿ, ತಟ್ಟೆಯಲ್ಲಿ ಕಬ್ಬಿನ ತುಂಡು, ಬಾಳೆಹಣ್ಣು, ಅಚ್ಚು ಜೋಡಿಸಿ, ಬೀದಿಯ ಪ್ರತಿ ಮನೆಗೂ ನಮ್ಮನ್ನು ಕಳಿಸುತ್ತಿದ್ದರು. "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ" ಅಂತ ಬಾಗಿಲಲ್ಲಿ ಹೇಳಿ ಕೊಡಬೇಕು. ನನಗೆ ಹಬ್ಬ ಅಂದರೆ ಇದೇ. ಮಾತು ಬಿಟ್ಟವರ ಬಾಗಿಲಿಗೂ ಹೋಗಲು ವರ್ಷಕ್ಕೊಂದು ನೆಪ ಸಿಗುತ್ತಿತ್ತು. ಈಗ ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಕೆಳಗಿನ ಹಾಲಿನಲ್ಲಿ ಮೇಜಿಟ್ಟು, ಅಲ್ಲೇ ಪ್ಯಾಕೆಟ್ ಬದಲಾಯಿಸಿಕೊಂಡು ಮುಗಿಸುತ್ತಾರೆ. ವಿದೇಶದ ಕನ್ನಡ ಸಂಘಗಳು ಹಬ್ಬವನ್ನು ವಾರಾಂತ್ಯಕ್ಕೆ ಇಟ್ಟುಕೊಳ್ಳುತ್ತವೆ, ಅಲ್ಲಿ ರಜೆ ಇರಲ್ಲ, ಸರಿ. ಆದರೆ ಒಂದೇ ಮಹಡಿಯಲ್ಲಿರುವವರು ಎದುರುಮನೆ ಬಾಗಿಲು ತಟ್ಟದಿದ್ದರೆ ಹೇಗೆ?

ಈಗ ನನ್ನ ಅಕ್ಕನ ಮಗಳ ಸರದಿ. ಅವಳ ಅಮ್ಮ ಒಮ್ಮೆಯೂ ಸಕ್ಕರೆ ಅಚ್ಚು ಮಾಡಿದವಳಲ್ಲ. ಇವಳು ಮೊಬೈಲಿನಲ್ಲಿ ವಿಡಿಯೋ ನೋಡಿ, ಸಿಲಿಕೋನ್ ಅಚ್ಚು ತರಿಸಿ ಮಾಡುತ್ತಾಳೆ. ಉತ್ತರ ಕರ್ನಾಟಕದ ಗೆಳತಿಯೊಬ್ಬಳಿಂದ ಕುಸುರೆಳ್ಳು ಕಲಿಯುತ್ತಿದ್ದಾಳೆ. ಸಣ್ಣ ಉರಿಯಲ್ಲಿ ಎಳ್ಳಿಗೆ ಪಾಕ ಹನಿಸುತ್ತಾ, ಅದಕ್ಕೆ ಸಕ್ಕರೆಯ ಮುಳ್ಳು ಮೂಡುವವರೆಗೆ ಕೈಯಾಡಿಸುತ್ತಲೇ ಇರಬೇಕು. ನಮ್ಮ ಕಡೆ ಯಾರೂ ಮಾಡುತ್ತಿರಲಿಲ್ಲ. ಕೊಬ್ಬರಿ ಹೆಚ್ಚುವುದು ಅವಳ ತಮ್ಮ. ಎಳ್ಳು ಬೀರಲು ಹೋಗುವುದೂ ಇಬ್ಬರೂ.

ಅವಳು ಇನ್ನೊಂದು ಕೆಲಸ ಮಾಡಿದಳು. ನಮ್ಮ ದೊಡ್ಡಮ್ಮ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ಹಿಂದೆ ಎಳ್ಳಿಗೆ ಕೊಬ್ಬರಿ ಹೆಚ್ಚುವುದರಲ್ಲಿ ಅವರದ್ದೇ ಮುಂದಾಳತ್ವ. ಆದರೆ ಹಬ್ಬದ ಸಂಜೆ ಅರಿಶಿನ-ಕುಂಕುಮದ ಹೊತ್ತಿಗೆ ಒಳಗಿನ ಕೋಣೆಗೆ ಹೋಗಿಬಿಡುತ್ತಿದ್ದರು. ಯಾರೂ ಹೋಗು ಅನ್ನಲಿಲ್ಲ, ಇರು ಅಂತಲೂ ಅನ್ನಲಿಲ್ಲ. ಅಜ್ಜಿಯೂ ಸುಮ್ಮನಿದ್ದರು, ಅಮ್ಮನೂ ಸುಮ್ಮನಿದ್ದರು. ಈ ಹುಡುಗಿ ಮೊದಲ ತಟ್ಟೆಯನ್ನೇ ದೊಡ್ಡಮ್ಮನಿಗೆ ಕೊಟ್ಟಳು, ಕುಂಕುಮದ ಬಟ್ಟಲಿನ ಸಮೇತ. ದೊಡ್ಡಮ್ಮ ಬೇಡ ಬೇಡ ಅಂದರು, ಆಮೇಲೆ ತಗೊಂಡರು. ಅವತ್ತಿನಿಂದ ನಮ್ಮ ಮನೆಯಲ್ಲಿ ಅದೇ ಪದ್ಧತಿ.

ನಿಮ್ಮ ಬೀದಿಯಲ್ಲೂ ಅಂಥವರು ಇರುತ್ತಾರೆ. ಈ ಸಲ ಅವರ ಮನೆಗೂ ಎಳ್ಳು ತಗೊಂಡು ಹೋಗಿ. ಅರಿಶಿನ-ಕುಂಕುಮವನ್ನೂ ಕೊಡಿ.

ಎಲ್ಲರಿಗೂ ನಮಸ್ಕಾರ.